ಮನೆಯಲ್ಲಿ ಮಾಡಿದ ಬಂಪರು

2025ನೆಯ ಜುಲೈ 16, ಬುಧವಾರ, ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ ಬ್ಯಾಡಗಿ ಪೊಲೀಸ್ ಠಾಣೆಗೆ ಬಂದ ದೂರು ಬೆರಳಚ್ಚಿನಲ್ಲಿತ್ತು. ಒಂದಕ್ಷರ ತಪ್ಪಿರಲಿಲ್ಲ, ಒಂದು ಸಾಲು ಓರೆಯಾಗಿರಲಿಲ್ಲ. ತಂದವಳು ಕಾವ್ಯಾ, ಇಪ್ಪತ್ತಾರರ ಪ್ರಾಯ, ಹಾವೇರಿಯ ಒಂದು ಛಾಪಾ ಅಂಗಡಿಯಲ್ಲಿ ಲಗ್ನಪತ್ರಿಕೆಗಳ ಅಕ್ಷರ ಜೋಡಿಸುವ ಕೆಲಸ. ಜಿಲ್ಲಾ ಆಸ್ಪತ್ರೆಯಲ್ಲಿ ತಂದೆಯ ಹೆಣ ಗುರುತಿಸಿ, ನೇರ ಅಂಗಡಿಗೆ ಹೋಗಿ, ತಾನೇ ಕುಳಿತು ದೂರನ್ನು ಜೋಡಿಸಿಕೊಂಡು ಬಂದಿದ್ದಳು. ವಾಹನದ ಸಂಖ್ಯೆ ಇರಬೇಕಾದಲ್ಲಿ ಚುಕ್ಕೆಗಳ ಒಂದು ಸಾಲನ್ನು ಬಿಟ್ಟಿದ್ದಳು.

ಸಬ್ ಇನ್‌ಸ್ಪೆಕ್ಟರ್ ರುದ್ರಮುನಿ ದೂರನ್ನು ಎರಡು ಸಲ ಓದಿದ. ಮೃತ ಮಾಲತೇಶಪ್ಪ, ವಯಸ್ಸು ಐವತ್ತಾರು, ಊರ ಹೊರಗಿನ ಮೆಣಸಿನಕಾಯಿ ಶೀತಲಗೃಹವೊಂದರ ಕಾವಲುಗಾರ. ರಾತ್ರಿಪಾಳಿ ಮುಗಿಸಿ ಬೆಳಗಿನ ಐದೂವರೆಗೆ ಸೈಕಲ್ಲೇರಿದವನು ಮನೆ ಮುಟ್ಟಲಿಲ್ಲ. 6 ಗಂಟೆ 35 ನಿಮಿಷಕ್ಕೆ ಹಾಲಿನ ಗಾಡಿಯವನೊಬ್ಬ ಮೋಟೆಬೆನ್ನೂರು ಕಡೆಯ ರಸ್ತೆಯ ಬದಿಗೆ ಬಿದ್ದಿದ್ದ ಆತನನ್ನು ಕಂಡು ಆಂಬುಲೆನ್ಸಿಗೆ ಕರೆ ಮಾಡಿದ. ಹಾವೇರಿ ಮುಟ್ಟುವಾಗ ಜೀವ ಉಳಿದಿರಲಿಲ್ಲ.

ಯಾರ ಮೇಲಾದರೂ ಸಂಶಯವಿದೆಯೇ ಎಂದು ರುದ್ರಮುನಿ ರೂಢಿಯಂತೆ ಕೇಳಿದ. ಕಾವ್ಯಾ ಇಲ್ಲವೆಂದು ತಲೆಯಾಡಿಸಿದಳು.

"ಹಾಲಿನವ ಅಂದ, ನೋಡಿದಾಗ ಕಣ್ಣು ತೆರದಿದ್ವು ಅಂತ. ಹೊಡದದ್ದಕ್ಕ ನಾ ಬಂದಿಲ್ರಿ ಸಾಹೇಬ್ರ. ರಸ್ತಾ ಅಂದಮ್ಯಾಲ ಆಗ್ತೈತಿ. ಗಾಡ್ಯಾಗ ಹಾಕ್ಕೊಂಡು ಯಾಕ ಹೋಗ್ಲಿಲ್ಲ? ಅದೊಂದು ನನಗ ಗೊತ್ತಾಗಬೇಕು."

"ಗೊತ್ತ ಮಾಡಿ ಹೇಳ್ತೇನಿ," ಎಂದ ರುದ್ರಮುನಿ. ಮಾತು ಬಾಯಿಂದ ಬಿದ್ದ ಮೇಲೆ ಅದರ ಭಾರ ತಿಳಿಯಿತು. ಯಾರು ಎಂಬುದನ್ನು ಪೊಲೀಸರು ಹುಡುಕಬಲ್ಲರು. ಯಾಕೆ ಎಂಬುದು ಅವರ ಕೈಗೆ ಸಿಗುವ ವಸ್ತುವಲ್ಲ.

ಅಪರಾಧ ಸಂಖ್ಯೆ 84/2025ರಂತೆ ಎಫ್‌ಐಆರ್ ದಾಖಲಾಯಿತು: ಅಜಾಗರೂಕ ಚಾಲನೆ ಮತ್ತು ಅದರಿಂದಾದ ಸಾವಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 281 ಮತ್ತು 106(1), ಜೊತೆಗೆ ಗಾಯಾಳುವಿಗೆ ನೆರವಾಗದೆ ಹೋದದ್ದಕ್ಕೆ ಮೋಟಾರು ವಾಹನ ಕಾಯ್ದೆಯ 134 ಮತ್ತು 187. ಆರೋಪಿಯ ಹೆಸರಿನ ಮುಂದೆ 'ಅಪರಿಚಿತ ವಾಹನದ ಚಾಲಕ' ಎಂದು ಬರೆಯಲಾಯಿತು.

ಮಧ್ಯಾಹ್ನ 12 ಗಂಟೆ 40 ನಿಮಿಷಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಜಿಟಿಜಿಟಿ ಮಳೆ ರಕ್ತವನ್ನು ಆಗಲೇ ತೊಳೆದುಹಾಕಿತ್ತು. ಸೈಕಲ್ಲಿನ ಹಿಂದಿನ ಗಾಲಿ ಹಪ್ಪಳದಂತೆ ಮುದುಡಿತ್ತು. ರುದ್ರಮುನಿಯ ಕಣ್ಣು ಸೆಳೆದದ್ದು ಬೇರೆಯೇ. ಸೈಕಲ್ ಬಿದ್ದ ಜಾಗದಿಂದ ಮೂವತ್ತೆರಡು ಮೀಟರ್ ಮುಂದೆ, ರಸ್ತೆಯಂಚಿನ ಕೆಸರಿನಲ್ಲಿ, ಗಾಲಿಗಳು ನಿಂತು ಮತ್ತೆ ಕಿತ್ತೆದ್ದ ಗುರುತಿತ್ತು. ಹೊಡೆದವನು ನಿಂತಿದ್ದ. ನಿಂತು, ಹೋಗಿದ್ದ.

ಮಹಿಳಾ ಕಾನ್‌ಸ್ಟೆಬಲ್ ಶ್ವೇತಾ ಹುಲ್ಲಿನಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಎರಡು ವಸ್ತುಗಳನ್ನು ಹೆಕ್ಕಿದಳು. ಒಂದು, ಅಂಗೈಗಿಂತ ಸಣ್ಣದಾದ ದುಂಡು ಕಬ್ಬಿಣದ ಬಿಲ್ಲೆ. ಅದರ ಅಂಚಿನ ಅರ್ಧದಲ್ಲಿ ಮಾತ್ರ ಬೆಸುಗೆಯ ಗಂಟುಗಳಿದ್ದವು. ಇನ್ನೊಂದು, ಒಂದು ಹಿಡಿ ಮೆಣಸಿನ ಬೀಜ.

ಹೆಡ್ ಕಾನ್‌ಸ್ಟೆಬಲ್ ಫಕ್ಕೀರಪ್ಪ ನಿವೃತ್ತಿಗೆ ಎರಡು ವರ್ಷ ಉಳಿದ ಹಿರಿಯ. ಬೀಜ ನೋಡಿ ನಕ್ಕ. "ಬ್ಯಾಡಗಿ ರಸ್ತಾದಾಗ ಮೆಣಸಿನ ಬೀಜ ಸಿಕ್ಕಿದ್ದನ್ನ ಸಾಕ್ಷಿ ಅಂದ್ರ, ಊರಿಗೆ ಊರನ್ನ ಒಳಗ ಹಾಕಬೇಕಾಗ್ತೈತಿ ತಂಗಿ. ನಿನ್ನ ಸೆರಗು ಝಾಡಿಸಿದ್ರೂ ನಾಕು ಉದುರ್ತಾವ."

"ನಮ್ಮ ಸೆರಗಿನ್ಯಾಗಿನವು ಹಳದಿ ಇರ್ತಾವ್ರಿ," ಎಂದಳು ಶ್ವೇತಾ. "ಇವು ಸುಟ್ಟಾವು."

ನಿಜವೇ. ಒಗ್ಗರಣೆಯಲ್ಲಿ ಸೀದಂತೆ ಬೀಜಗಳು ಕಪ್ಪಾಗಿದ್ದವು. ರುದ್ರಮುನಿ ಬಿಲ್ಲೆ ಮತ್ತು ಬೀಜಗಳನ್ನು ಬೇರೆ ಬೇರೆ ಲಕೋಟೆಗಳಲ್ಲಿ ಹಾಕಿಸಿ, ಪಂಚರ ಸಮಕ್ಷಮ ಅರಗಿನ ಮುದ್ರೆ ಒತ್ತಿಸಿದ.

ಮರುದಿನ, ಜುಲೈ 17ರಂದು, ಹಾವೇರಿಯಲ್ಲಿ ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರ್ ಸುನೀಲಕುಮಾರ ವರದಿಯನ್ನು ಕೈಗಿಟ್ಟು, ಅದರಲ್ಲಿ ಬರೆಯದ ನಾಲ್ಕು ಮಾತುಗಳನ್ನೂ ಆಡಿದರು. ಕಾರ್ಖಾನೆಯಿಂದ ಬರುವ ಬಂಪರು ಪೆಟ್ಟು ಬಿದ್ದಾಗ ತಾನೂ ಸ್ವಲ್ಪ ಮಣಿಯುತ್ತದೆ, ಇದು ಮಣಿದಿಲ್ಲ. ಮೂರಿಂಚು ದಪ್ಪದ ದುಂಡು ಪೈಪೊಂದು ಟೊಂಕದ ಎತ್ತರಕ್ಕೆ ಒನಕೆಯಂತೆ ಬಡಿದಿದೆ. ಮಣಿಯುವ ಬಂಪರಾಗಿದ್ದರೆ ಎಲುಬು ಮುರಿದುಕೊಂಡು ಬದುಕುತ್ತಿದ್ದನೇನೋ. ಒಳಗಿನ ರಕ್ತಸ್ರಾವ ಸಾವಕಾಶವಾಗಿ ಆಗಿದೆ. ಮುಕ್ಕಾಲು ತಾಸಿನ ಮೇಲೆ ಜೀವವಿತ್ತು. ಅರ್ಧ ತಾಸಿನೊಳಗೆ ತಂದಿದ್ದರೆ ಉಳಿಸುವ ಪ್ರಯತ್ನಕ್ಕಾದರೂ ಅವಕಾಶವಿತ್ತು.

ಕಾವ್ಯಾ ಕೇಳಿದ ಪ್ರಶ್ನೆ ಈಗ ಮತ್ತಷ್ಟು ಭಾರವಾಯಿತು.

ಅಂದು ಇಡೀ ದಿನ ಫಕ್ಕೀರಪ್ಪ ಬ್ಯಾಡಗಿ ಮತ್ತು ಹಾವೇರಿಯ ಗ್ಯಾರೇಜುಗಳನ್ನು ಸುತ್ತಿದ. ಮುಂಭಾಗ ಜಖಂಗೊಂಡ ಯಾವ ಗಾಡಿಯೂ ರಿಪೇರಿಗೆ ಬಂದಿರಲಿಲ್ಲ. ರಸ್ತೆಬದಿಯ ಎರಡು ಕ್ಯಾಮೆರಾಗಳ ಪೈಕಿ ಒಂದು ಕೆಟ್ಟಿತ್ತು, ಇನ್ನೊಂದರಲ್ಲಿ ಮಳೆಹನಿ ಬಿಟ್ಟು ಬೇರೇನೂ ಇರಲಿಲ್ಲ.

18ರಂದು ರುದ್ರಮುನಿ ಬಿಲ್ಲೆಯ ಲಕೋಟೆ ಹಿಡಿದು ರಾಣೆಬೆನ್ನೂರಿಗೆ ಹೋದ. ಹಳೆಯ ಗಾಡಿಗಳನ್ನು ಬಿಚ್ಚಿ ಮಾರುವ ಮುಜಾಫರನ ಗುಜರಿ ಅಂಗಡಿ ಅಲ್ಲಿತ್ತು. ಕಬ್ಬಿಣದ ಚೂರು ನೋಡಿ ಅದರ ಜಾತಕ ಹೇಳುತ್ತಾನೆಂದು ಮುಜಾಫರನಿಗೆ ಹೆಸರು. ಅವನು ಬಿಲ್ಲೆಯನ್ನು ಮುಟ್ಟದೆ, ಪ್ಲಾಸ್ಟಿಕ್ಕಿನ ಮೇಲಿಂದಲೇ ತಿರುಗಿಸಿ ನೋಡಿದ.

"ಪೈಪಿನ ಬಾಯಿ ಮುಚ್ಚಿದ ಮುಚ್ಚಳ ಇದು. ಕಸಬುದಾರನ ಕೈ ಅಲ್ರಿ, ಮನ್ಯಾಗ ಕುಂತು ಮಾಡಿದ್ದು. ನೋಡ್ರಿ, ಬೆಸುಗಿ ಅರ್ಧಕ್ಕ ಬಿಟ್ಟು ಎದ್ದು ಹೋಗ್ಯಾನ. ಹಿಂಗ ಯಾರೂ ಬಿಡೂದಿಲ್ಲ."

ಮನೆಯಲ್ಲಿ ಬಂಪರು ಮಾಡುವ ಬಗೆಯನ್ನು ಮುಜಾಫರ ವಿವರವಾಗಿ ಹೇಳಿದ. ಹೊಲ, ಹಳ್ಳ, ಕೆಸರಿನಲ್ಲಿ ಓಡುವ ಜೀಪಿಗೆ ಗಟ್ಟಿ ಪೈಪು ಬೇಕು. ಪೈಪನ್ನು ಬರಿದೇ ಬಾಗಿಸಿದರೆ ಬಾಗಿದಲ್ಲಿ ಚಪ್ಪಟೆಯಾಗಿ ಮಡಿಚಿಕೊಳ್ಳುತ್ತದೆ. ಅದಕ್ಕೆಂದೇ ಒಳಗೆ ಒಣ ಮರಳು ಗಿಡಿದು, ಎರಡೂ ಬಾಯಿ ಮುಚ್ಚಿ, ಕಾಯಿಸಿ, ಗಿಡದ ಕವಲಿಗೆ ಸಿಕ್ಕಿಸಿ ಬಾಗಿಸುತ್ತಾರೆ. ಹಸಿ ಮರಳು ತುಂಬಿ ಬೆಂಕಿ ತೋರಿಸಿದರೆ ಬಾಂಬಿನಂತೆ ಸಿಡಿಯುತ್ತದೆ. ಆದಕಾರಣ ಮಳೆಗಾಲದಲ್ಲಿ ಆ ಕೆಲಸಕ್ಕೆ ಯಾರೂ ಕೈ ಹಾಕುವುದಿಲ್ಲ.

ರುದ್ರಮುನಿ ಎರಡನೆಯ ಲಕೋಟೆಯನ್ನು ತೆಗೆದು ಅವನ ಮುಂದೆ ಹಿಡಿದ. ಮುಜಾಫರ ಸುಟ್ಟ ಬೀಜಗಳನ್ನು ನೋಡಿದ, ಬಿಲ್ಲೆಯನ್ನು ನೋಡಿದ, ಮತ್ತೆ ಬೀಜಗಳನ್ನು ನೋಡಿದ. ಆಮೇಲೆ ನಗತೊಡಗಿದ.

"ಮರಳು ಹಸೀ ಇತ್ತಂತ ಮೆಣಸಿನ ಬೀಜ ತುಂಬ್ಯಾನಲ್ರಿ ಪುಣ್ಯಾತ್ಮ. ತುಂಬಿ, ಅದರ ಮ್ಯಾಲ ಬೆಸುಗಿ ಹಾಕ್ಯಾನ. ಅದಕ್ಕ ಅರ್ಧಕ್ಕ ಓಡಿ ಹೋಗ್ಯಾನ. ಘಾಟಿಗೆ ಆ ಓಣಿ ಮಂದಿ ಕೆಮ್ಮಿ ಕೆಮ್ಮಿ ಅಲ್ಲಾನ ಪಾದ ಕಂಡಿರಬೇಕು."

ರುದ್ರಮುನಿ ನಗಲಿಲ್ಲ. ಇನ್ನು ಹುಡುಕಬೇಕಾದದ್ದು ಗಾಡಿಯನ್ನಲ್ಲ, ಕೆಮ್ಮಿದ ಓಣಿಯನ್ನು ಎಂಬುದು ಆ ಕ್ಷಣಕ್ಕೆ ಸ್ಪಷ್ಟವಾಗಿತ್ತು. ಬಂಪರು ಕಟ್ಟಿದವನನ್ನು ಯಾರೂ ಗಮನಿಸಿರಲಾರರು. ಆದರೆ ಇಡೀ ಓಣಿ ಒಮ್ಮೆಲೇ ಕೆಮ್ಮಿದ ದಿನವನ್ನು ಯಾವ ಊರೂ ಮರೆಯುವುದಿಲ್ಲ.

ಆ ಕೆಲಸ ಶ್ವೇತಾಳ ಪಾಲಿಗೆ ಬಂತು. ಸಂಜೆ 4 ಗಂಟೆಯಿಂದ ಅವಳು ತಾಲೂಕಿನ ಆಶಾ ಕಾರ್ಯಕರ್ತೆಯರಿಗೆ ಒಬ್ಬೊಬ್ಬರಂತೆ ಫೋನು ಹಚ್ಚಿದಳು. ಹದಿನೇಳನೆಯ ಕರೆಗೆ, 5 ಗಂಟೆ 50 ನಿಮಿಷಕ್ಕೆ, ಹಳ್ಳದಕೊಪ್ಪದ ಪ್ರೇಮವ್ವ ಸಿಕ್ಕಳು. ಶ್ವೇತಾ ಸ್ಪೀಕರ್ ಒತ್ತಿ ಫೋನನ್ನು ಮೇಜಿನ ಮೇಲಿಟ್ಟಳು.

ಪ್ರೇಮವ್ವ ಬಲು ಮಾತಿನವಳು. ಜೂನ್ ತಿಂಗಳ ಎರಡನೆಯ ಭಾನುವಾರ ಸಂಜೆ ಓಣಿಗೆ ಓಣಿಯೇ ಕೆಮ್ಮಿತ್ತಂತೆ. ಮಕ್ಕಳಿಗೆ ದೃಷ್ಟಿ ತಗುಲಿದಾಗ ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕುತ್ತಾರಷ್ಟೆ. ಘಾಟು ಬಂದರೆ ದೃಷ್ಟಿ ಇಲ್ಲ, ಬರದಿದ್ದರೆ ದೃಷ್ಟಿ ಉಂಟು. ಅಂದಿನ ಘಾಟಿಗೆ ಸಕೀನಾಬಿ ಎಂಬ ಮುದುಕಿ ಬಾಯಿಗೆ ಸೆರಗು ಹಿಡಿದು, ಯಾವನೋ ಇಡೀ ಊರಿನ ದೃಷ್ಟಿ ತೆಗೆದಾನ, ಇನ್ನು ನಮ್ಮೂರಿಗೆ ಏಳು ಜನ್ಮಕ್ಕೂ ಕೇಡಿಲ್ಲ ಎಂದು ಓಣಿಯನ್ನೆಲ್ಲ ನಗಿಸಿದ್ದಳಂತೆ.

"ಯಾರ ಮನ್ಯಾಗ ಅಕ್ಕಾರ?" ಎಂದಳು ಶ್ವೇತಾ.

"ಮತ್ಯಾರ್ರಿ, ನಮ್ಮ ಹನುಮೇಶಂದು. ಜೀಪಿಗೆ ಬಂಪರ್ ಮಾಡಾಕತ್ತಿದ್ದ. ಅವನ ಜೀಪ್ ಇಲ್ಲಂದ್ರ ಮಳಿಗಾಲದಾಗ ನಮ್ಮೂರ ಬಸರಿ ಹೆಂಗಸರ ಗತಿ ದೇವರಿಗೆ ಗೊತ್ತು. ಮೊನ್ನಿ ಬುಧವಾರ ನಸುಕಿನ್ಯಾಗ ನಮ್ಮ ಶೈಲಾನ್ನ ಹಾವೇರಿಗೆ ಮುಟ್ಟಿಸ್ಯಾನ ನೋಡ್ರಿ. ನಾ ಊರಾಗ ಇರಲಿಲ್ಲ. ದೇವರಂಥಾ ಮನಿಷಾ."

ಫಕ್ಕೀರಪ್ಪ ಎಲೆಯಡಿಕೆಯ ಚೀಲವನ್ನು ಬಿಚ್ಚಿದವನು ಹಾಗೆಯೇ ಮಡಿಚಿದ. ಯಾಕೆ ಕೇಳುತ್ತಿದ್ದಾರೆಂದು ಪ್ರೇಮವ್ವ ವಿಚಾರಿಸಿದಾಗ ಶ್ವೇತಾ, ನಾಳೆ ಬರುತ್ತೇವೆಂದಷ್ಟೇ ಹೇಳಿ ಕರೆ ಮುಗಿಸಿದಳು.

ಹಳ್ಳಿಗೆ ಹೋಗುವ ಮೊದಲು ರುದ್ರಮುನಿ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗದ ದಾಖಲೆ ಪುಸ್ತಕವನ್ನು ತರಿಸಿ ನೋಡಿದ. ಜುಲೈ 16, ಬೆಳಿಗ್ಗೆ 6 ಗಂಟೆ 15 ನಿಮಿಷ: ಶೈಲಾ, ಇಪ್ಪತ್ತೆರಡು ವರ್ಷ, ಹಳ್ಳದಕೊಪ್ಪ, ತುಂಬು ಗರ್ಭಿಣಿ, ತೀವ್ರ ರಕ್ತಸ್ರಾವ, ಕರೆತಂದವರು ಅತ್ತೆ ಹೊನ್ನವ್ವ ಹಾಗೂ ಹನುಮೇಶ. ಅದೇ ಪುಟದಲ್ಲಿ, ಎರಡು ಸಾಲು ಕೆಳಗೆ, 7 ಗಂಟೆ 10 ನಿಮಿಷ: ಮಾಲತೇಶಪ್ಪ, ತರುವಾಗಲೇ ಮೃತ. ಇಬ್ಬರೂ ಹೊರಟದ್ದು ಒಂದೇ ರಸ್ತೆಯಿಂದ, ಮುಟ್ಟಿದ್ದು ಒಂದೇ ಬಾಗಿಲಿಗೆ. ನಡುವೆ ಐವತ್ತೈದು ನಿಮಿಷಗಳಿದ್ದವು.

ಹೆರಿಗೆ ವಾರ್ಡಿನಲ್ಲಿ ಕೇಳಿದಾಗ ಶೈಲಾ ಬದುಕಿದ್ದಾಳೆಂದರು. ಕೂಸು ಸತ್ತೇ ಹುಟ್ಟಿತ್ತು. ಹೊಟ್ಟೆಯಲ್ಲಿ ಹಿಂದಿನ ದಿನವೇ ತೀರಿಕೊಂಡಿರಬೇಕೆಂದು ನರ್ಸಮ್ಮ ದನಿ ತಗ್ಗಿಸಿ ಹೇಳಿದಳು.

ಜುಲೈ 19, ಶನಿವಾರ, ಬೆಳಿಗ್ಗೆ 9 ಗಂಟೆಗೆ ಪೊಲೀಸ್ ಜೀಪು ಹಳ್ಳದಕೊಪ್ಪದ ಎರಿಮಣ್ಣಿನ ದಾರಿಗಿಳಿಯಿತು. ಎರಿಮಣ್ಣು ಹಸಿಯಾದರೆ ಬೆಲ್ಲದ ಪಾಕದಂತೆ. ಕಾಲಿಟ್ಟವರ ಕಾಲು ಬಿಡುವುದಿಲ್ಲ. ಊರು ಇನ್ನೂ ಕೂಗಳತೆ ದೂರವಿರುವಾಗ ನಾಲ್ಕೂ ಗಾಲಿಗಳು ಹೂತು ಗಾಡಿ ನಿಂತುಬಿಟ್ಟಿತು. ಬೂಟುಗಳನ್ನು ಕೈಯಲ್ಲಿ ಹಿಡಿದು, ಇಬ್ಬರು ಪಂಚರೊಂದಿಗೆ, ಪೊಲೀಸರು ಊರು ಹೊಕ್ಕರು.

ಹನುಮೇಶ ನಲವತ್ತೊಂದರ ಕೃಶ ದೇಹದ ಮನುಷ್ಯ; ಔಷಧ ಹೊಡೆಯುವ ಪಂಪುಗಳ ರಿಪೇರಿಯಿಂದ ಅವನ ಜೀವನ. ಅಂಗಳದ ಬೇವಿನ ಗಿಡದ ಕೆಳಗೆ ಜೀಪು ನಿಂತಿತ್ತು. ಅದನ್ನು ಮುಚ್ಚಿರಲಿಲ್ಲ, ತೊಳೆದಿರಲಿಲ್ಲ. ಅದರ ಮೂತಿಗೆ ಹಳೆಯ ಬೋರ್‌ವೆಲ್ಲಿನ ಮೂರಿಂಚು ಪೈಪಿನಿಂದ ಮಾಡಿದ ಬಂಪರು. ಬಾಗು ಸಮನಾಗಿರಲಿಲ್ಲ, ಬೀಜ ಮರಳಿನಷ್ಟು ಬಿಗಿಯಾಗಿ ಕೂರದೆ ಎಡಗಡೆ ಪೈಪು ಮಡಿಚಿಕೊಂಡಿತ್ತು. ನಡುವೆ, ಹಗ್ಗ ಸಿಕ್ಕಿಸಲು, ಎರಡು ದಪ್ಪ ಕೊಂಡಿಗಳು. ಎಡತುದಿಗೆ ಮುಚ್ಚಳವಿರಲಿಲ್ಲ. ಶ್ವೇತಾ ಬೆರಳಿನಿಂದ ತಟ್ಟಿದಾಗ ಒಳಗಿಂದ ನಾಲ್ಕು ಕಪ್ಪು ಬೀಜಗಳು ಉದುರಿದವು.

ಹನುಮೇಶ ಪೊಲೀಸರನ್ನು ಕಂಡು ಕೈ ಒರೆಸಿಕೊಂಡು ಬಂದ. ಕೂರಲು ಕಟ್ಟೆ ತೋರಿಸಿದ.

"ನಾ ಬರಬೇಕಂತ ಇದ್ದೆ ರಿ. ಶೈಲಾ ಮನಿಗೆ ಬರ್ಲಿ, ಆಮ್ಯಾಲೆ ಹೋಗೂಣು ಅಂತ ಕುಂತಿದ್ದೆ. ಆಕೀನ್ನ ಕರಕೊಂಡ ಬರಾಕ ಬ್ಯಾರೆ ಗಾಡಿ ಇಲ್ಲ."

"ನಿಂತಿದ್ದಿ ಅಲ್ಲೋ ಅಲ್ಲಿ?" ಎಂದ ರುದ್ರಮುನಿ.

"ನಿಂತಿದ್ದೆ ರಿ. ಇಳಿದು ನಾಕು ಹೆಜ್ಜಿ ಹಿಂದಕ್ಕ ಹೋಗಿದ್ದೆ. ಬಿದ್ದಾವನ ಕೈ ಅಲಗತಿತ್ತು. ಗಾಡ್ಯಾಗಿಂದ ಹೊನ್ನವ್ವ, ಹನುಮ್ಯಾ ನಿಂದರಬ್ಯಾಡೋ, ರಕ್ತ ಹೊಂಟೈತೋ ಅಂತ ಒದರಾಕತ್ತಿದ್ಲು."

"ಮತ್ತ?"

"ಮುಟ್ಟಿಸಿ ಹೊಳ್ಳಿ ಬಂದ್ರಾತು ಅನ್ಕೊಂಡೆ. ಹೊಳ್ಳಿ ಬಂದೆ ರಿ, ಖರೇನ. ಅಷ್ಟೊತ್ತಿಗೆ ಮಂದಿ ನೆರೆದಿತ್ತು, ಆಂಬುಲೆನ್ಸ್ ಹೋಗಿತ್ತು. ದೂರದಿಂದನ ಗಾಡಿ ತಿರುವಿದೆ."

ಮುಂದಿನ ಪ್ರಶ್ನೆ ಕಾನೂನಿಗೆ ಬೇಕಾದದ್ದಲ್ಲ. ಮೂರು ದಿನಗಳಿಂದ ರುದ್ರಮುನಿಯ ಕಿವಿಯಲ್ಲಿ ಕುಳಿತದ್ದು. "ಗಾಡ್ಯಾಗ ಜಾಗ ಇತ್ತೇನು?"

ಹನುಮೇಶ ತಲೆಯೆತ್ತಲಿಲ್ಲ. "ಹಿಂದ ಶೈಲಾ ಮಲಗಿದ್ಲು, ಹೊನ್ನವ್ವ ಆಕೀನ್ನ ಹಿಡಕೊಂಡು ಕೆಳಗ ಕುಂತಿದ್ಲು. ಮುಂದಿನ ಸೀಟ್ ಖಾಲಿ ಇತ್ತು ರಿ."

ಹಾಗಾದರೆ ಯಾಕೆ ಎಂದು ಯಾರೂ ಕೇಳಲಿಲ್ಲ. ಅವನೇ ಹೇಳಿದ. ಎರಡು ವರ್ಷದ ಕೆಳಗೆ ಅವನ ಹೆಂಡತಿ ಪುಷ್ಪಾವತಿಗೆ ಹೆರಿಗೆ ನೋವು ಬಂದಾಗ ಆಂಬುಲೆನ್ಸು ಇದೇ ದಾರಿಯಲ್ಲಿ ಹೂತಿತ್ತು. ಅದನ್ನು ಎಳೆಯಲು ತನ್ನ ಜೀಪಿಗೆ ಹಗ್ಗ ಕಟ್ಟಿದ. ತಗಡಿನ ಮೂಲ ಬಂಪರು ಹಲ್ಲಿನಂತೆ ಕಿತ್ತು ಕೈಗೆ ಬಂತು. ಪುಷ್ಪಾವತಿ ನಿಂತ ಗಾಡಿಯಲ್ಲಿಯೇ ತೀರಿಕೊಂಡಳು, ಕೂಸನ್ನು ಹೊಟ್ಟೆಯಲ್ಲಿಟ್ಟುಕೊಂಡು. ಆಮೇಲೆ ಅವನು ಊರಿನ ರೋಗಿಗಳನ್ನು ಸಾಗಿಸತೊಡಗಿದ. ಈ ಜೂನಿನಲ್ಲಿ, ಸಿಕ್ಕಿಬಿದ್ದ ಗಾಡಿಗಳನ್ನು ಎಳೆಯಲು, ಕಿತ್ತುಬಾರದ ಬಂಪರೊಂದನ್ನು ಮಾಡಿದ. ಮೆಣಸಿನ ತೊಟ್ಟು ಬಿಡಿಸುವ ಕೂಲಿಗೆ ಹೋಗುವ ತಾಯಿ ತಂದಿಟ್ಟಿದ್ದ ಬೀಜದ ಚೀಲ ಮನೆಯಲ್ಲಿತ್ತು, ಮರಳು ಹಸಿಯಾಗಿತ್ತು. ಮುಗಿದ ಮೇಲೆ ತನಗೆ ತಾನೇ ಒಂದು ಕಟ್ಟಳೆಯನ್ನೂ ಹಾಕಿಕೊಂಡ: ಒಳಗೆ ಜೀವ ಕುಳಿತ ಮೇಲೆ ಗಾಡಿ ಎಲ್ಲಿಯೂ ನಿಲ್ಲಬಾರದು.

"ಅದೊಂದ ತಲ್ಯಾಗ ಇತ್ತು ರಿ. ಸೀಟು ಕಣ್ಣಿಗೆ ಬೀಳಲಿಲ್ಲ. ಹಾವೇರ್ಯಾಗ ಶೈಲಾನ್ನ ಇಳಿಸಿದ ಮ್ಯಾಲೆ ಕಂಡಿತು."

ಕೂಸಿನ ವಿಷಯ ಗೊತ್ತೇ ಎಂದು ರುದ್ರಮುನಿ ಕೇಳಿದ. ಹನುಮೇಶ ಹೌದೆಂದು ಗೋಣು ಹಾಕಿದ.

10 ಗಂಟೆ 30 ನಿಮಿಷಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. ಬಂಪರಿಗೆ ಬಿಳಿ ಬಟ್ಟೆ ಸುತ್ತಿ ಮುದ್ರೆ ಒತ್ತಲಾಯಿತು. ಬಂಧನ ಪತ್ರಕ್ಕೆ ಹನುಮೇಶ ಸಹಿ ಮಾಡಿದ. ಇದು ಜಾಮೀನು ಸಿಗುವ ಅಪರಾಧ. ಸಂಜೆಯೊಳಗೆ ಇಬ್ಬರು ಜಾಮೀನುದಾರರು ಬಂದರೆ ಮನುಷ್ಯ ಮನೆಗೆ ಮರಳುತ್ತಾನೆ. ಜೀಪು ಮಾತ್ರ ನ್ಯಾಯಾಲಯದ ಆದೇಶವಾಗುವವರೆಗೆ ಠಾಣೆಯ ಅಂಗಳ ಬಿಡುವಂತಿಲ್ಲ; ಬಿಟ್ಟರೂ ಆ ಬಂಪರಿನೊಂದಿಗೆ ಬಿಡುವುದಿಲ್ಲ. ಇದನ್ನು ರುದ್ರಮುನಿ ಬಿಡಿಸಿ ಹೇಳಿದಾಗ, ಮನುಷ್ಯ ಬಂದು ಜೀಪು ಬಾರದಿದ್ದರೆ ಊರಿಗೇನು ಉಪಯೋಗ ಎಂಬಂತೆ ನೆರೆದವರು ಅವನ ಮುಖ ನೋಡಿದರು.

ಸಕೀನಾಬಿ ಕೋಲೂರಿ ಮುಂದೆ ಬಂದಳು. "ಸಾಹೇಬಾ, ಇನ್ನ ಇಬ್ಬರು ಬಸರ್ಯಾರ ಅದಾರ ಊರಾಗ. ಒಬ್ಬಾಕಿಗೆ ಇದ ತಿಂಗಳ. ಅವರಿಗೇನು ಹೇಳ್ಲಿ?"

ರುದ್ರಮುನಿ ಮೇಲಿನವರಿಗೆ ಬರೆಯುತ್ತೇನೆಂದ. ಮುದುಕಿ, ಬರೆಯುವವರನ್ನು ಇಡೀ ಆಯುಷ್ಯ ನೋಡಿದವಳಂತೆ, ತಲೆಯಾಡಿಸಿ ಹಿಂದೆ ಸರಿದಳು.

ಊರ ಹೊರಗೆ ಪೊಲೀಸ್ ಗಾಡಿ ಇನ್ನೂ ಹೂತೇ ಇತ್ತು. ಅದನ್ನು ಕೀಳಬಲ್ಲ ಒಂದೇ ಒಂದು ಗಾಡಿ ಹಿಂದೆ ನಿಂತಿತ್ತು, ಮೂತಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು. ಫಕ್ಕೀರಪ್ಪ ಒಮ್ಮೆ ಹಗ್ಗವನ್ನೂ ಒಮ್ಮೆ ಅರಗಿನ ಮುದ್ರೆಯನ್ನೂ ನೋಡಿದ.

"ಸಾಕ್ಷಿ ಅದು, ಮುಟ್ಟಬ್ಯಾಡ್ರಿ," ಎಂದ ರುದ್ರಮುನಿ. ಕೊನೆಗೆ ಪೊಲೀಸರು, ಪಂಚರು, ಊರಿನ ಆರು ಮಂದಿ ಸೇರಿ ದೂಡಿದರು. ಆರೋಪಿಯೂ ಕೆಸರಿಗಿಳಿದು, ಗಾಲಿಯ ಕೆಳಗೆ ಎಲ್ಲೆಲ್ಲಿ ಕಲ್ಲು ಕೊಡಬೇಕೆಂದು ತೋರಿಸಿ, ಹೆಗಲು ಕೊಟ್ಟ. ಅವನನ್ನು ತಡೆಯಬೇಕೆಂದು ಯಾರಿಗೂ ಅನಿಸಲಿಲ್ಲ.

ಜುಲೈ 20, ಭಾನುವಾರ, ಬೆಳಿಗ್ಗೆ 10 ಗಂಟೆಗೆ ಕಾವ್ಯಾ ಠಾಣೆಗೆ ಬಂದಳು. ರುದ್ರಮುನಿ ಅವಳನ್ನು ಕೂರಿಸಿ, ಯಾವುದನ್ನೂ ಬಿಡದೆ, ಸಾವಕಾಶವಾಗಿ ಎಲ್ಲವನ್ನೂ ಹೇಳಿದ. ಪುಷ್ಪಾವತಿಯ ವಿಷಯ ಬಂದಾಗ ಅವಳು ಕಿಟಕಿಯ ಕಡೆ ತಿರುಗಿದಳು. ಕೂಸಿನ ವಿಷಯ ಬಂದಾಗ ಇತ್ತ ತಿರುಗಿದಳು. ಆಮೇಲೆ ಅವನು ಹೆದರಿದ್ದ ಪ್ರಶ್ನೆಯನ್ನೇ ಕೇಳಿದಳು.

"ಗಾಡ್ಯಾಗ ಜಾಗ ಇರ್ಲಿಲ್ಲೇನ್ರಿ?"

ಹಿಂದಿನ ಸೀಟಿನಲ್ಲಿ ಇರಲಿಲ್ಲ ಎಂದರೆ ಅದು ಸುಳ್ಳಾಗುತ್ತಿರಲಿಲ್ಲ. ಆ ಮಾತು ನಾಲಿಗೆಯವರೆಗೂ ಬಂತು. ಆದರೆ ಗೊತ್ತು ಮಾಡಿ ಹೇಳುತ್ತೇನೆಂದು ಅವನೇ ಅಂದಿದ್ದ.

"ಇತ್ತವ್ವಾ. ಮುಂದಿನ ಸೀಟು ಖಾಲಿ ಇತ್ತು."

ಕಾವ್ಯಾ ತನ್ನ ಅಂಗೈಗಳನ್ನು ನೋಡಿಕೊಂಡಳು. "ಸಿಕ್ಕರ ಮುಖಕ್ಕ ಉಗುಳಬೇಕಂತ ಇದ್ದೆ ರಿ," ಎಂದಳು ಕಡೆಗೆ. "ನೀವು ಅದಕ್ಕೂ ಒಬ್ಬಾವನ್ನ ಉಳಸಲಿಲ್ಲ."

ದೋಷಾರೋಪಣಾ ಪಟ್ಟಿಯಲ್ಲಿ ವೇಗಕ್ಕೆ, ಬೆಳಕಿಗೆ, ರಸ್ತೆಯ ಅಗಲಕ್ಕೆ, ವಾಹನದ ಅನಧಿಕೃತ ಮಾರ್ಪಾಡಿಗೆ ಕಲಮುಗಳಿವೆ. ಹೆಂಡತಿಯನ್ನು ನಿಂತ ಗಾಡಿಯಲ್ಲಿ ಕಳೆದುಕೊಂಡವನು ತನ್ನ ಗಾಡಿಯನ್ನು ನಿಲ್ಲಿಸಿಯೂ ನಿಂತಿರಲಾರದೆ ಹೋದ ಎಂಬುದಕ್ಕೆ ಕಲಮಿಲ್ಲ. ರುದ್ರಮುನಿ ಅದನ್ನು ಕೇಸ್ ಡೈರಿಯಲ್ಲಿ ಒಂದು ವಾಕ್ಯವಾಗಿ ಬರೆದ. ತನಿಖೆಗೆ ಅದರಿಂದ ಪ್ರಯೋಜನವಿಲ್ಲವೆಂಬುದು ಅವನಿಗೆ ಗೊತ್ತಿತ್ತು.

ಹೋಗುವಾಗ ಕಾವ್ಯಾ ಅಂಗಳದಲ್ಲಿದ್ದ ಜೀಪಿನ ಹತ್ತಿರ ನಿಂತಳು. ಬಟ್ಟೆ ಸುತ್ತಿದ ಬಂಪರಿನತ್ತ ನೋಡಲಿಲ್ಲ. ಸುತ್ತಿ ಹೋಗಿ, ಬಾಗಿಲಿಲ್ಲದ ಎಡಬದಿಯಿಂದ ಕೈ ಚಾಚಿ, ಮುಂದಿನ ಸೀಟಿನ ಮೇಲೆ ಅಂಗೈ ಊರಿದಳು. ಜಪ್ತಿಯಾದ ವಾಹನವನ್ನು ಮುಟ್ಟಬಾರದೆಂದು ಹೇಳಲು ಫಕ್ಕೀರಪ್ಪ ಮೆಟ್ಟಿಲಿಳಿಯತೊಡಗಿದ. ರುದ್ರಮುನಿ ಅವನ ತೋಳು ಹಿಡಿದು ನಿಲ್ಲಿಸಿದ.